ಯಂತ್ರಕ್ಕೆ ಹಿಡಿದ ಛತ್ರಿ

ನಮ್ಮ ಸರ್ವೆ ತಂಡದಲ್ಲಿ ಒಂದೇ ಒಂದು ಛತ್ರಿ ಇತ್ತು. ಅದು ಮನುಷ್ಯರಿಗಲ್ಲ, ಯಂತ್ರಕ್ಕೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಇದನ್ನು ತಿಳಿದುಕೊಳ್ಳಲಿ ಎಂದು ಇಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ರಸ್ತೆ, ಮೋರಿ, ಕಾಲುವೆ ಕಟ್ಟುವ ಮೊದಲು ನೆಲದ ಏರಿಳಿತ ಅಳೆಯುತ್ತಾರಲ್ಲ, ಆ ಕೆಲಸದಲ್ಲಿ ಆಯುಷ್ಯ ಕಳೆದೆ. ಮನೆ ಬೆಳಗಾವಿಯಲ್ಲಿ, ಕೆಲಸ ಹೆಚ್ಚಾಗಿ ಖಾನಾಪುರದ ಕಡೆ. ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎಂಬುದರಿಂದ ನಿಮಗೇನೂ ಉಪಯೋಗವಿಲ್ಲ. ಅದನ್ನು ಬಿಟ್ಟುಬಿಡುತ್ತೇನೆ.

ಅಳತೆಯ ಯಂತ್ರಕ್ಕೆ ಲೆವೆಲ್ ಎನ್ನುತ್ತಿದ್ದೆವು. ಮೂರು ಕಾಲಿನ ಮೇಲೆ ಕೂಡಿಸಿದ ದುರ್ಬೀನು, ಅದಕ್ಕೆ ಅಂಟಿಕೊಂಡ ಗಾಜಿನ ಕೊಳವೆ, ಕೊಳವೆಯೊಳಗೆ ಒಂದು ಗಾಳಿಗುಳ್ಳೆ. ಗುಳ್ಳೆ ನಟ್ಟನಡುವೆ ನಿಂತರೆ ಯಂತ್ರ ಮಟ್ಟವಾಗಿದೆ ಎಂದರ್ಥ. ಒಂದು ಬದಿಗೆ ಬಿಸಿಲು ಬಡಿದರೆ ಗುಳ್ಳೆ ಸರಿಯುತ್ತದೆ, ಅಂಕಿ ತಪ್ಪುತ್ತದೆ. ಛತ್ರಿ ಇದ್ದದ್ದು ಅದಕ್ಕೆ. ಸೇರಿದ ದಿನ ತಂಡದ ಮೇಲಧಿಕಾರಿ ಕುಲಕರ್ಣಿ ಸಾಹೇಬರು ಆ ದೊಡ್ಡ ಖಾಕಿ ಛತ್ರಿಯನ್ನು ನನ್ನ ಕೈಗೆ ಕೊಟ್ಟರು. ನಾನು ಅದರ ಕೆಳಗೆ ಆರಾಮಾಗಿ ನಿಂತುಕೊಂಡೆ.

“ಏ ಈರಪ್ಪಾ, ಮದಿವಿ ಮೆರವಣಿಗ್ಯಾಗ ಹೊಂಟಿಯೇನು?” ಎಂದರು ಸಾಹೇಬರು. “ಹೊರಗ ನಿಂದ್ರು. ನೆರಳು ಯಂತ್ರಕ್ಕ ಬೀಳಬೇಕು. ಮನುಷ್ಯಾಗ ಬಿಸಿಲು ಬಡದ್ರ ಕರ್ರಗ ಆಗ್ತಾನ. ಯಂತ್ರಕ್ಕ ಬಡದ್ರ ಸುಳ್ಳು ಹೇಳ್ತೈತಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಂದೆ ಯಂತ್ರ ನೋಡುವ ಕೆಲಸ ನನ್ನ ಪಾಲಿಗೆ ಬಂದಾಗ, ಛತ್ರಿ ಹಿಡಿಯಲು ಬಂದ ಹೊಸಬರಿಗೆಲ್ಲ ಇದೇ ಮಾತನ್ನು ಹೇಳಿದೆ. ಅವರೂ ನಕ್ಕರು. ನಾನು ಬಲಗಣ್ಣಿನಿಂದ ನೋಡುತ್ತಿದ್ದೆ. ಹಾಗಾಗಿ ಬಲಗೆನ್ನೆ ಯಂತ್ರದ ಜೊತೆ ನೆರಳಿನಲ್ಲಿ, ಎಡಗೆನ್ನೆ ಹೊರಗೆ ಬಿಸಿಲಿನಲ್ಲಿ. ಆಗ ಇದು ಗಮನಕ್ಕೇ ಬರಲಿಲ್ಲ.

ಆ ಬೆಳಗುಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಕತ್ತಲಿರುವಾಗಲೇ ಜೀಪು ಹೊರಟು, ಖಾನಾಪುರದ ಮಲಪ್ರಭಾ ಸೇತುವೆ ದಾಟುವ ಹೊತ್ತಿಗೆ ಹೊಳೆಯ ಮೇಲಿನ ಮಂಜು ಬೆಳ್ಳಗಾಗುತ್ತಿತ್ತು. ಕೆಂಪು ಮಣ್ಣಿನ ವಾಸನೆ. ಬೇಸಿಗೆ ಬಂತೆಂದರೆ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಮಾರುವ ಹೆಂಗಸರು ರಸ್ತೆಯ ಬದಿಗೆ ಕೂತಿರುತ್ತಿದ್ದರು. ಮೊದಲ ಬಿಸಿಲು ಬೆನ್ನಿಗೆ ಬಿದ್ದಾಗ ಆಗುತ್ತಿದ್ದ ಸುಖವನ್ನು ಹೇಗೆ ಹೇಳಲಿ? ಯಾರೋ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಟ್ಟ ಹಾಗೆ. ಬಿಸಿಲನ್ನು ನಾನು ಇವತ್ತಿಗೂ ಬೈಯುವುದಿಲ್ಲ.

ಯಂತ್ರದ ಹತ್ತಿರ ನಾನು. ದೂರದಲ್ಲಿ ಅಂಕಿ ಬರೆದ ಎತ್ತರದ ಹಲಗೆಯನ್ನು ನೆಟ್ಟಗೆ ಹಿಡಿದು ನಿಲ್ಲುವವನು ಹುಸೇನ. ಆ ಹಲಗೆಗೆ ಸ್ಟಾಫ್ ಎಂದು ಹೆಸರು. ದುರ್ಬೀನಿನಲ್ಲಿ ಅದರ ಅಂಕಿ ಓದಿ ಬರೆದುಕೊಳ್ಳುವುದೇ ನಮ್ಮ ಅಳತೆ. ಹಳೆಯ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಮರ, ಮನೆ, ದನ, ಹುಸೇನ, ಎಲ್ಲ. ನಾನು ಹುಸೇನನನ್ನು ನೆಟ್ಟಗೆ ನೋಡಿದ್ದಕ್ಕಿಂತ ತಲೆಕೆಳಗಾಗಿ ನೋಡಿದ್ದೇ ಹೆಚ್ಚು.

ಅವನು ಬೆಳಗಾವಿಯ ಕ್ಯಾಂಪ್ ಪ್ರದೇಶದವನು. ತಂದೆ, ತಾಯಿ, ತಂಗಿ ಎಲ್ಲ ನಮ್ಮ ನಿಮ್ಮ ಹಾಗೆ ಕಂದು ಬಣ್ಣದವರು. ಇವನೊಬ್ಬ ಹುಟ್ಟಿನಿಂದಲೇ ಹಾಲಿನಂತೆ ಬಿಳಿ. ಕೂದಲು, ಹುಬ್ಬು, ರೆಪ್ಪೆ ಕೂಡ ಜೋಳದ ತೆನೆಯ ರೇಷ್ಮೆಯ ಹಾಗೆ. ಮೈಯಲ್ಲಿ ಬಣ್ಣವೇ ಹುಟ್ಟದ ಸ್ಥಿತಿ ಅದು. ಕಣ್ಣುಗಳು ಸದಾ ಅತ್ತಿತ್ತ ಓಲಾಡುತ್ತಿದ್ದವು, ದೂರದ್ದು ಕಾಣುತ್ತಿರಲಿಲ್ಲ. ಸ್ಟಾಫ್ ಹಿಡಿಯಲು ಕಣ್ಣು ಬೇಡ, ಅಲುಗಾಡದ ಕೈ ಬೇಕು. ಅದು ಅವನಿಗಿತ್ತು. ತಂಡದಲ್ಲಿ ಎಲ್ಲರೂ ಅವನನ್ನು ಗೋರಾ, ಎಂದರೆ ಬಿಳಿಯ, ಎನ್ನುತ್ತಿದ್ದರು. ನಾನೂ ಕೂಡ. ಅವನು ನನ್ನನ್ನು ಈರಣ್ಣಾ ಎನ್ನುತ್ತಿದ್ದ.

ಒಮ್ಮೆ ಖಾನಾಪುರದಾಚೆ ಒಂದು ಹಳ್ಳಿಗೆ ಹೋದಾಗ, ಊರಿನ ಹಿರಿಯರೊಬ್ಬರು ಓಡೋಡಿ ಬಂದು ಹುಸೇನನಿಗೆ ಖುರ್ಚಿ ಹಾಕಿಸಿದರು. ಪರದೇಶದ ಇಂಜಿನಿಯರು ಬಂದಿದ್ದಾನೆ ಎಂದು ಅವರ ತಿಳುವಳಿಕೆ. ಕುಲಕರ್ಣಿ ಸಾಹೇಬರನ್ನು ಯಾರೂ ಕೇಳಲಿಲ್ಲ. ಹುಸೇನ ಗಂಭೀರವಾಗಿ ಕೂತು, ಕಾಲ ಮೇಲೆ ಕಾಲು ಹಾಕಿ, “ಯಜಮಾನ್ರ, ಒಂದ್ ತಂಬಿಗಿ ತಣ್ಣನ್ ನೀರ ಕೊಡ್ರಿ. ಹಂಗಽ ಈ ಕುಲಕರ್ಣಿಗೂ ಒಂದ್ ಮಣಿ ಹಾಕ್ರಿ, ಭಾಳ ಹೊತ್ತಾತು ನಿಂತಾನ” ಎಂದ. ಆ ಹಿರಿಯರ ಬಾಯಿ ತೆರೆದದ್ದು ತೆರೆದೇ ಇತ್ತು. ಸಾಹೇಬರಿಗೆ ಸಿಟ್ಟೂ ಬಂತು, ನಗುವೂ ಬಂತು. ಕೊನೆಗೆ ಮಣೆಯ ಮೇಲೆ ಕೂತೇಬಿಟ್ಟರು.

ನನ್ನದೊಂದು ಫಜೀತಿಯನ್ನೂ ಹೇಳುತ್ತೇನೆ. ಅಳತೆಗೆ ಆಧಾರವಾಗಿ ಅಲ್ಲಾಡದ ಒಂದು ಗುರುತು ಬೇಕಾಗುತ್ತದೆ. ನಾನು ಹಳ್ಳದ ದಂಡೆಯಲ್ಲಿ ಚಪ್ಪಟೆಯಾದ ಒಳ್ಳೆಯ ಕಲ್ಲು ನೋಡಿ ಕೆಂಪು ಬಣ್ಣ ಹಚ್ಚಿ ಬಂದೆ. ಮತ್ತೆ ಹೋಗಿ ಅಳೆದರೆ ಊರಿಗೆ ಊರೇ ಕೆಳಗಿಳಿದಂತೆ ಲೆಕ್ಕ ಬಂತು. ಹೋಗಿ ನೋಡಿದರೆ ಕಲ್ಲು ಮಗುಚಿ ಬಿದ್ದಿದೆ, ಒಬ್ಬಾಕೆ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಾಳೆ.

“ಯವ್ವಾ, ಇದು ಸರ್ಕಾರಿ ಕಲ್ಲು” ಎಂದೆ.

“ಯಾವ ಸರ್ಕಾರೋ? ನಮ್ಮ ಅತ್ತಿ ಕಾಲದಿಂದ ಇದರ ಮ್ಯಾಲಽ ಒಗ್ಯಾಕತ್ತೇವಿ. ಬಣ್ಣಾ ಹಚ್ಚಿದಾಂವ ನೀನಽ ಏನು? ನಿಂದ್ರು, ಓಡಬ್ಯಾಡ. ನನ್ನ ಸೀರಿ ಕೆಂಪ ಮಾಡಿಟ್ಟೀ ಮೂಳಾ!”

ಹುಸೇನ ಸ್ಟಾಫ್ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕ. ಆಧಾರದ ಕಲ್ಲು ಆರಿಸುವ ಮೊದಲು ಅದು ಯಾರ ಕಲ್ಲೆಂದು ಕೇಳಿಕೊಳ್ಳಿ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಹುಸೇನ ಉದ್ದ ತೋಳಿನ ಅಂಗಿ ಹಾಕಿ, ಒದ್ದೆ ಮಾಡಿದ ಬಿಳಿ ಟವೆಲನ್ನು ತಲೆ, ಕಿವಿ, ಕುತ್ತಿಗೆ ಮುಚ್ಚುವಂತೆ ಸುತ್ತಿಕೊಂಡು ಬರುತ್ತಿದ್ದ. ಬಿಸಿಲು ಅವನ ಚರ್ಮವನ್ನು ಸುಡುತ್ತದೆ ಎಂದು ತಾಯಿ ಕಲಿಸಿದ್ದ ರೂಢಿ. ಗಾಳಿ ಬೀಸಿದಾಗ ಟವೆಲಿನ ತುದಿ ಹಾರಿ ಸ್ಟಾಫಿನ ಅಂಕಿಗಳ ಮೇಲೆ ಬೀಳುತ್ತಿತ್ತು. ಆಗ ನಾನು ಕೂಗುತ್ತಿದ್ದೆ: “ಟವೆಲ್ ತಗೀಯೋ ಗೋರಾ! ಅಂಕಿ ಕಾಣವಲ್ದು!” ಅವನು ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ. ಅಂಕಿ ಓದಿ ಆದ ಮೇಲೆ ನಾನು ಸೀಟಿ ಊದಬೇಕು. ಬೇರೆಯವರಿಗೆ ಕೈ ಎತ್ತಿ ಸನ್ನೆ ಮಾಡಿದರೆ ಸಾಕು, ಹುಸೇನನಿಗೆ ಸನ್ನೆ ಕಾಣದು. ಸೀಟಿ ಕೇಳಿದರೆ ಮಾತ್ರ ಜಾಗ ಬಿಡುತ್ತಿದ್ದ. ಕೇಳುವವರೆಗೆ ಕಂಬದಂತೆ ನಿಂತಿರುತ್ತಿದ್ದ. ಆ ಸೀಟಿ ನನ್ನ ಕೊರಳಲ್ಲಿತ್ತು.

ಜಾಂಬೋಟಿ ಕಡೆಯ ರಸ್ತೆಯಲ್ಲಿ ಬೇಸಿಗೆಯ ಒಂದು ದಿನ. ಬೆಳಗಿನಿಂದ ಲೆಕ್ಕ ಕೂಡುತ್ತಿರಲಿಲ್ಲ. ಸಾಹೇಬರ ಮುಖ ಗಂಟು ಹಾಕಿಕೊಂಡಿತ್ತು. ಹುಸೇನ ದೂರದ ಬೋಳು ದಿನ್ನೆಯ ಮೇಲಿದ್ದ. ಟವೆಲ್ ತೆಗೆಸಿದೆ, ಅಂಕಿ ಓದಿದೆ. ಸೀಟಿ ಊದುವ ಮೊದಲೇ ಸಾಹೇಬರು ಕರೆದರೆಂದು ಲೆಕ್ಕ ನೋಡಲು ಕೂತೆ. ಕೊನೆಗೆ ತಪ್ಪು ಸಿಕ್ಕಿತು. ಎಲ್ಲರಿಗೂ ಜೀವ ಬಂದಂತಾಯಿತು. ದೂರ ಅಳೆಯುವ ಸರಪಳಿ ಹಿಡಿಯುವ ಮಾರುತಿ ಚಹಾ ತಂದ. ಮರದ ನೆರಳಿನಲ್ಲಿ ಕೂತು ಕುಡಿಯುವಾಗ ಅವನೇ, “ಅರೇ, ಗೋರಾ ಅಲ್ಲೇ ನಿಂತಾನಲ್ಲೋ!” ಎಂದ.

ನಾನು ಸೀಟಿಯನ್ನು ಬಾಯಿಗೆ ಇಟ್ಟೆ.

“ತಡೀ ತಡೀ” ಎಂದರು ಸಾಹೇಬರು ನಗುತ್ತ. “ಎಷ್ಟ ಹೊತ್ತ ನಿಂದರ್ತಾನ ನೋಡೂಣು. ನನಗ ಮಣಿ ಹಾಕಿಸಿದ್ನಲ್ಲ ಮಗಾ.”

ಎಲ್ಲರೂ ನಕ್ಕರು. ಸೀಟಿ ನನ್ನ ತುಟಿಯ ನಡುವೆಯೇ ಇತ್ತು. ಊದಬಹುದಿತ್ತು. ಸಾಹೇಬರು ನನ್ನನ್ನೇನೂ ನೇಣಿಗೆ ಹಾಕುತ್ತಿರಲಿಲ್ಲ. ನಾನು ಊದಲಿಲ್ಲ. ನಕ್ಕೆ, ಇನ್ನೊಂದು ಕಪ್ ಚಹಾ ಕುಡಿದೆ. ಆಮೇಲೆ ಎದ್ದು ದುರ್ಬೀನಿಗೆ ಕಣ್ಣಿಟ್ಟಾಗ ಹುಸೇನ ತಲೆಕೆಳಗಾಗಿ, ಬರಿತಲೆಯಲ್ಲಿ, ಕಣ್ಣು ಮುಚ್ಚಿ ನಿಂತಿದ್ದ. ಸ್ಟಾಫ್ ಕೂದಲೆಳೆಯಷ್ಟೂ ಅಲುಗಾಡುತ್ತಿರಲಿಲ್ಲ. ನೋಡುತ್ತಿದ್ದಂತೆಯೇ ಅದು ವಾಲಿ ಕಣ್ಣಿಂದ ಮರೆಯಾಯಿತು. ಹುಸೇನನೂ ಮರೆಯಾದ.

ಓಡಿ ಹೋದೆವು. ಮುಖ, ಕಿವಿ, ಕುತ್ತಿಗೆ ಕೆಂಪಗೆ ಊದಿದ್ದವು. ನೀರು ಚಿಮುಕಿಸಿದೆವು. ಅವನು ಕಣ್ಣು ತೆರೆದು ಮೊದಲು ಕೇಳಿದ್ದು: “ಈರಣ್ಣಾ, ಸೀಟಿ ಹೊಡದಿದ್ದೇನು? ನನಗ ಕೇಳಿಸಲಿಲ್ಲಲ್ಲೋ.”

“ಹೂಂ. ಹೊಡದಿದ್ದೆ” ಎಂದೆ.

ಇದು ನನ್ನ ತಪ್ಪು. ಬಿಸಿಲಿನಲ್ಲಿ ನಿಲ್ಲಿಸಿದ್ದಕ್ಕಿಂತ ದೊಡ್ಡ ತಪ್ಪು. ಹೇಗೆಂದರೆ, ಹುಸೇನ ಆ ಮಾತನ್ನು ನಂಬಿದ. ಕಣ್ಣಿನ ಹಾಗೆ ಕಿವಿಯೂ ಕೈಕೊಡುತ್ತಿದೆ ಎಂದು ಹೆದರಿದ. ಕೆಲಸಕ್ಕೆ ಮರಳಿದ ಮೇಲೆ ಟವೆಲ್ ಸುತ್ತುವ ರೀತಿಯನ್ನೇ ಬದಲಿಸಿದ. ಸೀಟಿ ತಪ್ಪಬಾರದೆಂದು ಎರಡೂ ಕಿವಿಗಳನ್ನು ಹೊರಗೆ ಬಿಟ್ಟು ಸುತ್ತತೊಡಗಿದ. ಅದು ನನಗೆ ಕಾಣುತ್ತಿತ್ತು. ದಿನವೂ ದುರ್ಬೀನಿನಲ್ಲಿ, ಬಿಳಿಯ ಟವೆಲಿನ ಎರಡು ಬದಿಗೆ ಎರಡು ಕೆಂಪು ಕಿವಿಗಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ. ವರ್ಷಗಳು ಹೋದವು.

ಮುಂದೆ ಅವನ ಎಡಗಿವಿಯ ಮೇಲೆ ಒಂದು ಹುಣ್ಣಾಯಿತು. ಒಣಗುವುದು, ಹಕ್ಕಳೆ ಉದುರುವುದು, ಮತ್ತೆ ರಕ್ತ. ಕ್ಯಾನ್ಸರ್ ಎಂದರಂತೆ. ಕಿವಿಯ ಅರ್ಧ ಭಾಗ ತೆಗೆದರೆಂದು ಮಾರುತಿಯಿಂದ ತಿಳಿಯಿತು. ಹುಸೇನ ಕೆಲಸ ಬಿಟ್ಟು ಖಾನಾಪುರದಲ್ಲಿ ತಂಗಿಯ ಮನೆ ಸೇರಿದ. ನಾನು ನೋಡಲು ಹೋಗಲಿಲ್ಲ. ಖಾನಾಪುರದ ಮೇಲೆ ಎಷ್ಟೋ ಸಲ ಹಾದುಹೋದೆ, ಅವನ ಓಣಿಗೆ ಹೋಗಲಿಲ್ಲ. ಹೋದರೆ ಆ ಕಿವಿಯನ್ನು ನೋಡಬೇಕಾಗುತ್ತಿತ್ತು.

ಹುಸೇನ ಕೆಲಸ ಬಿಟ್ಟ ನಂತರ ನಮ್ಮ ಕೆಲಸದ ರೀತಿಯೇ ಬದಲಾಯಿತು. ಸರಪಳಿ ಮೂಲೆ ಸೇರಿತು. ಗುಂಡಿ ಒತ್ತಿದರೆ ದೂರ, ಎತ್ತರ ಎರಡನ್ನೂ ಹೇಳುವ ಯಂತ್ರ ಬಂತು, ಆಮೇಲೆ ಆಕಾಶದ ಉಪಗ್ರಹವನ್ನೇ ಕೇಳಿ ಹೇಳುವ ಯಂತ್ರ ಬಂತು. ನಮಗೆ ವಾರ ಹಿಡಿಯುತ್ತಿದ್ದ ಕೆಲಸವನ್ನು ಈಗಿನವರು ಒಂದು ಬೆಳಿಗ್ಗೆಯಲ್ಲಿ ಮುಗಿಸುತ್ತಾರೆ. ದುರ್ಬೀನಿನಲ್ಲಿ ಮನುಷ್ಯ ನೆಟ್ಟಗೆ ಕಾಣತೊಡಗಿದ. ಆದರೆ ಹೊಸ ಯಂತ್ರಗಳಿಗೆ ಬಿಸಿಲಿನ ಅಂಜಿಕೆ ಅಷ್ಟಿಲ್ಲ. ಆದ್ದರಿಂದ ಇದ್ದ ಒಂದು ಛತ್ರಿಯನ್ನೂ ಯಾರೂ ಒಯ್ಯುವುದಿಲ್ಲ. ನೀವು ಬರಿಗೈಯಲ್ಲಿ, ಬರಿತಲೆಯಲ್ಲಿ ನಿಂತಿರುವುದನ್ನು ರಸ್ತೆಯಲ್ಲಿ ನೋಡುತ್ತಿರುತ್ತೇನೆ.

ನಿವೃತ್ತನಾಗಿ ಬೆಳಗಾವಿಯ ಮಹಾಂತೇಶ ನಗರದಲ್ಲಿ ಹೆಂಡತಿ ಶಾಂತವ್ವನ ಜೊತೆ ಹಾಯಾಗಿದ್ದೆ. ಮೂಗಿನ ಎಡಬದಿಗೆ, ಕೆನ್ನೆ ಕೂಡುವಲ್ಲಿ, ಒಂದು ಕರಿಯ ಗುಳ್ಳೆ ಎದ್ದಿತು. ಅಂಚು ಮುತ್ತಿನಂತೆ ಹೊಳೆಯುತ್ತಿತ್ತು. ಟವೆಲಿನಿಂದ ಮುಖ ಒರೆಸಿಕೊಂಡರೆ ರಕ್ತ ಬರುತ್ತಿತ್ತು, ನೋವಿರಲಿಲ್ಲ. ನರೂಲಿ ಇರಬೇಕೆಂದು ಸುಣ್ಣ ಹಚ್ಚಿದೆ. ಸುಟ್ಟು ಗಾಯವಾಯಿತು, ಗುಳ್ಳೆ ಹಾಗೇ ಉಳಿಯಿತು. ನೀವು ಯಾರೂ ಈ ಹುಚ್ಚುತನ ಮಾಡಬೇಡಿ. ಕ್ಷೌರದವನು, “ಅಜ್ಜಾರ, ಇದು ದಿನಾ ದಿನಾ ದೊಡ್ಡದಾಗಾಕತ್ತೇತಿ. ಇನ್ನ ನಾ ಇಲ್ಲಿ ಕತ್ತಿ ಹಚ್ಚೂದಿಲ್ಲ ನೋಡ್ರಿ, ಡಾಕ್ಟರಿಗೆ ತೋರಸ್ರಿ” ಎಂದ ಮೇಲೆ ಆಸ್ಪತ್ರೆಗೆ ಹೋದೆ.

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಚರ್ಮದ ಕ್ಯಾನ್ಸರ್ ಎಂದು ಬಂತು. ಶಾಂತವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅಳಬ್ಯಾಡ್ರಿ ಅಮ್ಮಾರ” ಎಂದಳು ಡಾಕ್ಟರಮ್ಮ. “ಈ ಜಾತಿದು ಬ್ಯಾರೆ ಅಂಗಕ್ಕ ಹಬ್ಬೂದು ಭಾಳ ಕಡಿಮಿ. ಆದ್ರ ಹಂಗಽ ಬಿಟ್ರ ಮೂಗು ತಿಂತದ. ತಗದಬಿಡೂಣು.” ನನ್ನ ಕಡೆ ತಿರುಗಿ, “ಏನ್ ಕೆಲಸ ಮಾಡ್ತಿದ್ರಿ?” ಎಂದಳು. ಹೇಳಿದೆ. “ನಮ್ಮ ಬಣ್ಣ ನಮ್ಮನ್ನ ಒಂದಿಷ್ಟು ಕಾಯ್ತದ್ರಿ, ಪೂರಾ ಅಲ್ಲ. ಇಷ್ಟ ವರ್ಷದ ಬಿಸಿಲಂದ್ರ ಸಣ್ಣ ಮಾತಲ್ಲ. ನಿಮ್ಮ ಜೋಡಿ ಕೆಲಸಾ ಮಾಡಿದವರಿಗೆ ಯಾರಿಗರ ಹಿಂಗ ಆಗಿತ್ತೇನ್ರಿ?”

ಹುಸೇನನ ವಿಷಯ ಹೇಳಿದೆ. ಆಕೆ ಬರೆಯುವುದನ್ನು ನಿಲ್ಲಿಸಿ, “ಹಂತಾವರಿಗೆ ಒಂದಲ್ಲ, ಮ್ಯಾಲಿಂದ ಮ್ಯಾಲೆ ಆಗ್ತಾವ್ರಿ. ಅವರ ಚರ್ಮಾ ಆಗಾಗ ಪೂರಾ ತಪಾಸಣಿ ಆಗಬೇಕು. ಈಗ ತೋರಸ್ತಾರ?” ಎಂದಳು. ಗೊತ್ತಿಲ್ಲ ಎಂದೆ. ಒಂದು ದಿನದ ಬಿಸಿಲಿನಿಂದ ಹೀಗಾಗುತ್ತದೆಯೇ ಎಂದು ಕೇಳಿದೆ. “ಒಂದ ದಿನದ್ದಲ್ಲ ಅಜ್ಜಾರ, ಎಲ್ಲಾ ದಿನದ ಬಿಸಿಲು ಕೂಡಿ” ಎಂದಳು. ಸಮಾಧಾನಕ್ಕೆಂದು ಕೇಳಿದ್ದೆ. ಆದರೆ ಅವನ ಎಲ್ಲ ದಿನಗಳಲ್ಲೂ ನಾನು ಇದ್ದೆನಲ್ಲ.

ಗುಳ್ಳೆ ಕತ್ತರಿಸಿ, ಕಿವಿಯ ಹಿಂದಿನ ಚರ್ಮ ತಂದು ಮೂಗಿಗೆ ಹಚ್ಚಿದರು. ಹಳೆಯ ಅಂಗಿಗೆ ಬೇರೆ ಬಣ್ಣದ ತೇಪೆ ಹಾಕಿದಂತೆ ಕಾಣುತ್ತದೆ. ಆಮೇಲೆ ನನ್ನ ಬದುಕಿನ ವೇಳಾಪಟ್ಟಿ ಬದಲಾಯಿತು. ಹೊರಗಿನ ಕೆಲಸ ಬೆಳಿಗ್ಗೆ ಬೇಗ ಅಥವಾ ಸಂಜೆ. ತುಂಬುತೋಳಿನ ಅಂಗಿ. ಸುತ್ತಲೂ ಅಂಚಿರುವ ಟೊಪ್ಪಿಗೆ, ಯಾಕೆಂದರೆ ಮುಂದಷ್ಟೇ ಅಂಚಿರುವುದು ಕಿವಿಯನ್ನು ಕಾಯುವುದಿಲ್ಲ. ಹೊರಡುವ ಮೊದಲು ಮುಖ, ಕಿವಿ, ಕುತ್ತಿಗೆಗೆ ಬಿಸಿಲಿನ ಮುಲಾಮು, ಹೊರಗೇ ಉಳಿದರೆ ಎರಡು ತಾಸಿಗೊಮ್ಮೆ ಮತ್ತೆ. ಮೋಡವಿದ್ದರೂ ತಪ್ಪಿಸುವಂತಿಲ್ಲ. ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಮೈ ನೋಡಿಕೊಳ್ಳುವುದು, ಬೆನ್ನು ನೋಡುವುದು ಶಾಂತವ್ವನ ಪಾಲು.

ಮೊದಮೊದಲು ಮುಲಾಮು ಹಚ್ಚಿದ ಕೂಡಲೇ ವಿಭೂತಿ ಹಚ್ಚಿಕೊಳ್ಳಲು ಹೋಗುತ್ತಿದ್ದೆ. ಹಣೆಯ ಮೇಲೆ ಎರಡೂ ಕೂಡಿ ಕಣಕ ಕಲಸಿದಂತಾಗುತ್ತಿತ್ತು.

“ಮದಿವ್ಯಾಗ ಒಂದ್ ದಿನಾ ಪೌಡರ್ ಹಚ್ಚಲಿಲ್ಲ, ಈಗ ನೋಡವಾ ಇವರ ಶೃಂಗಾರ!” ಎಂದು ಶಾಂತವ್ವ ಛೇಡಿಸುತ್ತಿದ್ದಳು. “ಮೊದಲ ಮುಲಾಮ ಹಚ್ರಿ, ಚಹಾ ಕುಡೀರಿ, ಅದು ಆರಲಿ. ಆಮ್ಯಾಲ ವಿಭೂತಿ. ಶಿವಾ ಏನ್ ಅವಸರಾ ಮಾಡೂದಿಲ್ಲ.” ಈಗ ಹಾಗೆಯೇ ಮಾಡುತ್ತೇನೆ.

ಕಷ್ಟವಾದದ್ದು ಇದ್ಯಾವುದೂ ಅಲ್ಲ. ಚಳಿಗಾಲದ ಮುಂಜಾವಿನಲ್ಲಿ ಓಣಿಯ ಮುದುಕರೆಲ್ಲ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿರುತ್ತಾರೆ. ನಾನು ಕಿಟಕಿಯ ಒಳಗೆ. ಬಿಸಿಲು ಕಿಟಕಿಯ ಚೌಕಟ್ಟಿನ ಮೂಲಕ ನೆಲದ ಮೇಲೆ ಬಿದ್ದು ಮೆಲ್ಲಗೆ ನನ್ನ ಕಾಲಿನ ಕಡೆ ಬರುತ್ತದೆ. ಒಮ್ಮೊಮ್ಮೆ ಪಾದಗಳನ್ನು ಮುಂದೆ ಚಾಚುತ್ತೇನೆ. ಆಗ ಖಾನಾಪುರದ ಕೆಂಪು ರಸ್ತೆ, ಮಂಜು, ದೂರದ ದಿನ್ನೆ, ಅದರ ಮೇಲೆ ತಲೆಕೆಳಗಾಗಿ ನಿಂತ ಬಿಳಿಯ ಮನುಷ್ಯ, ಎಲ್ಲ ಬರುತ್ತವೆ. ಬಿಸಿಲಿನ ಹಂಬಲ ಯಾವುದು, ಹುಸೇನನ ಹಂಬಲ ಯಾವುದು ಎಂದು ಬೇರೆ ಮಾಡಲು ಆಗುತ್ತಿರಲಿಲ್ಲ. ಡಾಕ್ಟರಮ್ಮನ ಮಾತು ಬೇರೆ ಕೊರೆಯುತ್ತಿತ್ತು. ಒಂದು ದಿನ ಖಾನಾಪುರದ ಬಸ್ಸು ಹತ್ತಿದೆ.

ಬಾಗಿಲು ತೆಗೆದವಳು ಅವನ ತಂಗಿ ಜುಬೇದಾ. ಒಳಗೆ ಪರದೆ ಹಾಕಿದ ಕೋಣೆಯಲ್ಲಿ ಹುಸೇನ ಕೂತಿದ್ದ. ಮೈ ಸಣ್ಣಗಾಗಿತ್ತು. ಎಡಗಿವಿಯ ಜಾಗದಲ್ಲಿ ಮುರುಟಿದ ಒಂದು ತುಣುಕು. ಹೆಜ್ಜೆಯ ಸದ್ದಿಗೆ ತಲೆ ಎತ್ತಿ, “ಕೌನ್? ಯಾರ್ರೀ?” ಎಂದ.

“ನಾನೋ, ಈರಪ್ಪ.”

“ಯಾ ಈರಪ್ಪ? ಕಲ್ಲಿಗೆ ಬಣ್ಣಾ ಹಚ್ಚಿದ ಈರಪ್ಪನೇನು?” ಅವನು ನಗತೊಡಗಿದ. “ಬಾರೋ, ಕುಂದರು. ಜುಬೇದಾ, ಚಾಯ್ ಇಡವಾ. ಸರ್ಕಾರಿ ಕಲ್ಲ ಬಂದೈತಿ.”

ಹಳೆಯದೆಲ್ಲ ಮಾತಾಡಿದೆವು. ಅವನು ನನ್ನ ಮುಖವನ್ನು ಕಣ್ಣಿನ ಹತ್ತಿರ ಎಳೆದುಕೊಂಡು ಮೂಗಿನ ತೇಪೆ ನೋಡಿ, “ನೀನೂ ನನ್ನ ಜಮಾತಿಗೆ ಬಂದೀ ಅನ್ನು” ಎಂದ. ಜುಬೇದಾ ಚಹಾ ಕೊಡುತ್ತ, “ಇವರಿಗೆ ಕುತ್ತಿಗಿ ಹಿಂದ ಮತ್ತ ಹುಣ್ಣ ಆಗೇತ್ರಿ ಭಾಯ್‌ಸಾಬ್. ದವಾಖಾನಿಗೆ ನಡಿ ಅಂದ್ರ ಕೇಳವಲ್ರು. ನೀವರ ಹೇಳ್ರಿ” ಎಂದಳು.

ನೋಡಿದೆ. ಕಿವಿಯ ಮೇಲೆ ಹಿಂದೆ ಇದ್ದಂಥದೇ. ಹಕ್ಕಳೆ, ಅದರ ಕೆಳಗೆ ರಕ್ತ.

“ಒಂದ್ ಕಿವಿ ಕೊಟ್ಟೀನಿ. ಇನ್ನ ಕುತ್ತಿಗಿ ಕೇಳಿದ್ರ ಕೊಡೂದಿಲ್ಲ” ಎಂದ ಹುಸೇನ.

ನಾನೇ ಕರೆದೊಯ್ಯುತ್ತೇನೆ ಎಂದೆ. ಮೆತ್ತಗಾದಂತೆ ಕಂಡ. ಆಗ ಸುಮ್ಮನಿದ್ದಿದ್ದರೆ ಅವನು ಅಂದೇ ಒಪ್ಪುತ್ತಿದ್ದನೋ ಏನೋ. ಆದರೆ ಸೀಟಿಯ ಸತ್ಯ ಹೇಳದೆ ಅವನ ಕೈ ಹಿಡಿದು ಕರೆದೊಯ್ಯುವುದು ಇನ್ನೊಂದು ಸುಳ್ಳಾಗುತ್ತಿತ್ತು.

“ಹುಸೇನಾ, ಆ ದಿನಾ ಜಾಂಬೋಟಿ ರಸ್ತೆದಾಗ ನಾ ಸೀಟಿ ಹೊಡದಿರಲಿಲ್ಲ.”

ಅವನು ಕಪ್ಪನ್ನು ಕೆಳಗಿಟ್ಟ.

“ಹೊಡದಿದ್ದೆ ಅಂದೀ.”

“ಸುಳ್ಳ ಹೇಳಿದ್ದೆ. ನೀ ನಿಂತದ್ದ ನೋಡಿಕೋತ ಎಲ್ಲಾರೂ ನಕ್ಕೊಂತ ಕುಂತಿದ್ವಿ.”

ಅವನ ಓಲಾಡುವ ಕಣ್ಣುಗಳು ನನ್ನ ಮುಖದ ಮೇಲೆ ನಿಲ್ಲಲು ನೋಡಿದವು. ಆಮೇಲೆ ಅವನ ಕೈ ತಾನಾಗಿ ಎಡಗಿವಿಯ ತುಣುಕಿಗೆ ಹೋಯಿತು.

“ಅಂದ್ರ ನನ್ನ ಕಿವಿ ಛಲೋ ಇದ್ದುವು” ಎಂದ.

ಹೂಂ ಎಂದೆ.

“ಸೀಟಿ ತಪ್ಪತೈತಂತ ಬಿಸಲಾಗ ಕಿವಿ ತೆರಕೊಂಡ ನಿಂತೆ ನಾನು, ಈರಣ್ಣಾ. ಅಮ್ಮಾ ಬೈತಿದ್ದಳು. ಕಿವಿ ಮುಚ್ಚಿಕೋ ಬೇಟಾ ಅಂತಿದ್ದಳು.” ಗೋಡೆಯ ಕಡೆ ತಿರುಗಿದ. “ಹೋಗು. ಬಸ್ ಐತಿ, ಹೋಗು.”

ಜುಬೇದಾಳ ಕೈಗೆ ನನ್ನ ಫೋನ್ ನಂಬರು ಕೊಟ್ಟು ಬಂದೆ. ಶಾಂತವ್ವ ಊಟಕ್ಕೆ ಕರೆದರೆ ಎಲೆಯ ಮುಂದೆ ಸುಮ್ಮನೆ ಕೂರುತ್ತಿದ್ದೆ. ಅವನು ನನ್ನ ಮೇಲಿನ ಸಿಟ್ಟಿಗೆ ಆ ಹುಣ್ಣನ್ನು ಹಾಗೇ ಬಿಟ್ಟರೆ ಎಂಬುದೊಂದೇ ತಲೆಯಲ್ಲಿ. ಹೀಗೆ ಕೆಲವು ದಿನ ಕಳೆದ ಮೇಲೆ ಫೋನು ಬಂತು. ಜುಬೇದಾ.

“ಭಾಯ್‌ಸಾಬ್, ಏನ್ ಅಂತಾರೋ ನನಗ ತಿಳೀವಲ್ದು. ಈರಪ್ಪಗ ಸೀಟಿ ತಗೊಂಡ ಬಾ ಅನ್ನು, ಹೊಡದ್ರ ಜಾಗಾ ಬಿಡ್ತೀನಿ ಅಂತಾರ. ಯಾವ ಸೀಟಿರಿ ಅದು?”

ನಿವೃತ್ತಿಯ ದಿನ ಎಲ್ಲ ಸಾಮಾನನ್ನೂ ಒಪ್ಪಿಸಿ ಬಂದಿದ್ದೆ. ಸೀಟಿಯನ್ನು ಯಾರೂ ಕೇಳಿರಲಿಲ್ಲ. ಅದು ಕಪಾಟಿನಲ್ಲಿ ಹಳೆಯ ಬೀಗಗಳ ನಡುವೆ ಬಿದ್ದಿತ್ತು. ಮರುದಿನ ಕತ್ತಲಿರುವಾಗಲೇ ಹೊರಟು, ಬೆಳಕು ಹರಿಯುವಾಗ ಖಾನಾಪುರದಲ್ಲಿ ಅವನ ಮನೆಯ ಮುಂದೆ ನಿಂತೆ. ಹೊಳೆಯ ಕಡೆಯಿಂದ ಅದೇ ಮಂಜು, ಅದೇ ಮಣ್ಣಿನ ವಾಸನೆ. ಒಳಗೆ, ಕೋಣೆಯ ನಡುವೆ, ಹುಸೇನ ಉದ್ದ ತೋಳಿನ ಅಂಗಿ ತೊಟ್ಟು ನೆಟ್ಟಗೆ ನಿಂತಿದ್ದ. ಕೈಯಲ್ಲಿ ಸ್ಟಾಫ್ ಒಂದು ಇರಲಿಲ್ಲ, ಅಷ್ಟೇ.

ಸೀಟಿಯನ್ನು ಬಾಯಿಗೆ ಇಟ್ಟು ಊದಿದೆ. ಒಳಗಿನ ಗುಂಡು ತುಕ್ಕು ಹಿಡಿದು ಅಂಟಿಕೊಂಡಿತ್ತು. ಬರೀ ಗಾಳಿ ಬಂತು. ಮತ್ತೆ ಊದಿದೆ. ಗಾಳಿ.

“ಸಾಕ ಬಿಡೋ” ಎಂದ ಹುಸೇನ. “ಕೇಳಿಸ್ತು.”

ಜುಬೇದಾ ಒದ್ದೆ ಟವೆಲ್ ತಂದಳು. ನಾನು ತೆಗೆದುಕೊಂಡು ಅವನಿಗೆ ಸುತ್ತಿದೆ. ತಲೆ, ಕುತ್ತಿಗೆ, ಉಳಿದ ಒಂದು ಕಿವಿ, ಉಳಿಯದ ಇನ್ನೊಂದು, ಎಲ್ಲ ಮುಚ್ಚುವ ಹಾಗೆ. ಖಾನಾಪುರದಿಂದ ಬೆಳಗಾವಿಗೆ ಉತ್ತರಕ್ಕೆ ಹೋಗಬೇಕು. ಬೆಳಗಿನ ಬಿಸಿಲು ಬಲಕ್ಕೆ ಬೀಳುತ್ತದೆ, ಎಡಬದಿಯ ಸೀಟು ಹಿಡಿದೆವು. ಸಂಜೆ ಮರಳಿ ಬರುವಾಗ ದಕ್ಷಿಣಕ್ಕೆ ಮುಖ, ಪಶ್ಚಿಮದ ಬಿಸಿಲು ಮತ್ತೆ ಬಲಕ್ಕೆ, ಆಗಲೂ ಎಡಬದಿಯೇ ನೆರಳು. ದಿಕ್ಕು ತಿಳಿದವನಾಗಿ ಇಷ್ಟಾದರೂ ಮಾಡದಿದ್ದರೆ ಹೇಗೆ?

ಡಾಕ್ಟರಮ್ಮ ಅವನ ಮೈಯೆಲ್ಲ ನೋಡಿದಳು. ಕುತ್ತಿಗೆಯದು ಕ್ಯಾನ್ಸರೇ ಎಂದು ಪರೀಕ್ಷೆಯಲ್ಲಿ ಬಂತು, ಆಳಕ್ಕೆ ಇಳಿದಿರಲಿಲ್ಲ. ಮುಂದೆ ಇನ್ನೊಂದು ದಿನ ಹೋಗಿ ತೆಗೆಸಿದೆವು. ಮತ್ತೆ ಬರುವುದಿಲ್ಲ ಎಂದು ಆಕೆ ಹೇಳಲಿಲ್ಲ. ಇಬ್ಬರೂ ತಪ್ಪದೆ ತೋರಿಸಲು ಬರಬೇಕು ಎಂದಳು. ಈಗ ಜೊತೆಯಾಗಿಯೇ ಹೋಗುತ್ತೇವೆ.

ಹುಸೇನ ನನ್ನನ್ನು ಕ್ಷಮಿಸಿದನೇ? ಕೇಳಿಲ್ಲ, ಅವನೂ ಹೇಳಿಲ್ಲ. ಕೆಲವು ಸಲ ಮಾತಿನ ನಡುವೆ ಅವನ ಕೈ ಎಡಗಿವಿಯ ತುಣುಕಿಗೆ ಹೋಗುತ್ತದೆ. ಹೊಸದಾಗಿ ಕೆಲಸಕ್ಕೆ ಬರುವವರೇ, ಛತ್ರಿ ಒಯ್ಯಿರಿ. ಯಂತ್ರಕ್ಕೊಂದು ಬೇಕಿದ್ದರೆ ಇರಲಿ, ದೂರ ನಿಂತವನಿಗೊಂದು ಮೊದಲು ಕೊಡಿ.

ಹೊಲಿಗೆ ಬಿಚ್ಚಿಸಿಕೊಂಡು ಮರಳುತ್ತಿದ್ದ ಸಂಜೆ ಹುಸೇನ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ. ಸೇತುವೆ ಹತ್ತಿರ ಬಂತೆಂದು ಗೊತ್ತಾಯಿತು. ಹೊಳೆಯ ಮೇಲಿನ ಆ ಹೊತ್ತಿನ ಬೆಳಕನ್ನು ಒಮ್ಮೆ ನೋಡಬೇಕೆಂದು ಎಷ್ಟೋ ದಿನದಿಂದ ಆಸೆಯಿತ್ತು. ಅಷ್ಟರಲ್ಲಿ ಗಾಳಿ ಬೀಸಿ ಅವನ ಟವೆಲಿನ ತುದಿ ಹಾರಿ ನನ್ನ ಮುಖದ ಮೇಲೆ ಬಿತ್ತು. ಹೊಳೆ ಕಾಣಲಿಲ್ಲ, ಬೆಳಕು ಕಾಣಲಿಲ್ಲ. ಸೇತುವೆ ದಾಟುವವರೆಗೆ ನಾನು ಅದನ್ನು ಸರಿಸಲಿಲ್ಲ.